ಜೀರ್ಣೋದ್ಧಾರವೆಂಬ ವೀರಧರ್ಮ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ಹೊಸ ಬಿಂಬವೊಂದು ಪೀಠವೇರುವ ಸಂಭ್ರಮದ ದಿನದಲ್ಲಿ ಯುದ್ಧದ ಮಾತೇಕೆ ಎಂದು ಯಾರಿಗಾದರೂ ಅನಿಸಬಹುದು. ಆದರೆ ಹಾಸನ ಜಿಲ್ಲೆಯ ಈ ನೆಲದಲ್ಲಿ ಬಸದಿಯ ಇತಿಹಾಸವನ್ನು ಹೇಳಹೊರಟವರು ಯುದ್ಧದ ಇತಿಹಾಸವನ್ನು ಬದಿಗಿರಿಸಿ ಹೇಳುವುದು ಸಾಧ್ಯವಿಲ್ಲ. ಹಳೆಬೀಡು ಎಂಬ ಹೆಸರನ್ನೇ ನೋಡಿರಿ. ಬೀಡು ಎಂದರೆ ಅರಸನು ನೆಲೆಸಿದ ಸ್ಥಳ, ರಾಜಧಾನಿ. ಒಂದು ಕಾಲಕ್ಕೆ ದೋರಸಮುದ್ರವೆಂದು ದಕ್ಷಿಣಾಪಥದಲ್ಲೆಲ್ಲ ಪ್ರಖ್ಯಾತವಾಗಿದ್ದ ಪಟ್ಟಣವು ತನ್ನ ಅರಸನನ್ನೂ ಸಿರಿಯನ್ನೂ ಕಳೆದುಕೊಂಡು ‘ಹಳೆಯ ಬೀಡು’ ಎನಿಸಿತು. ಸೋಲಿನ ನೆನಪನ್ನೇ ಹೆಸರಾಗಿ ಧರಿಸಿರುವ ಊರು ಅದು. ಆದರೂ ಆ ಊರಿನ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಸ್ವಾಮಿಯರ ಮೂರು ಬಸದಿಗಳು ಇಂದಿಗೂ ನಿಂತಿವೆ. ಅರಸರು ಹೋದರು, ಸೈನ್ಯಗಳು ಬಂದು ಹೋದವು, ಕೋಟೆ ಮಣ್ಣಾಯಿತು. ಬಸದಿಗಳು ಮಾತ್ರ ಹೇಗೆ ಉಳಿದವು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಉಪನ್ಯಾಸದ ಉದ್ದೇಶ.

ಹಳೆಬೀಡು, ಬೇಲೂರು, ಅರಸೀಕೆರೆಗಳ ಸುತ್ತಮುತ್ತ ಹಳ್ಳಿಹಳ್ಳಿಗಳಲ್ಲಿ ಮೂರು ಬಗೆಯ ಕಲ್ಲುಗಳು ಕಾಣಸಿಗುತ್ತವೆ. ಮೊದಲನೆಯದು ವೀರಗಲ್ಲು. ಅದರ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟದ ಚಿತ್ರ, ನಡುವೆ ಮಡಿದ ವೀರನನ್ನು ಅಪ್ಸರೆಯರು ಕೊಂಡೊಯ್ಯುವ ಚಿತ್ರ, ಮೇಲೆ ಅವನು ಸೇರಿದ ದಿವ್ಯಲೋಕ. ಎರಡನೆಯದು ನಿಷಿಧಿಗಲ್ಲು. ದ್ವೇಷವನ್ನೂ ಮೋಹವನ್ನೂ ತ್ಯಜಿಸಿ, ಸಲ್ಲೇಖನದಿಂದ ದೇಹವನ್ನು ಬಿಟ್ಟವರ ಸ್ಮಾರಕ ಅದು. 1274ರಲ್ಲಿ ಬಾಲಚಂದ್ರ ಪಂಡಿತದೇವರು ಸಮಾಧಿಮರಣವನ್ನು ಹೊಂದಿದಾಗ ದೋರಸಮುದ್ರದ ಭವ್ಯಜನರು ಅವರ ನೆನಪಿಗಾಗಿ ನಿಲ್ಲಿಸಿದ ಶಿಲೆ ಹಳೆಬೀಡಿನಲ್ಲಿದೆ. ಹೋರಾಡಿ ಮಡಿದವನಿಗೆ ಒಂದು ಕಲ್ಲು, ಹೋರಾಟವನ್ನೇ ಗೆದ್ದು ಮಡಿದವರಿಗೆ ಇನ್ನೊಂದು ಕಲ್ಲು. ಇವೆರಡೂ ಸಾವಿನ ಕಲ್ಲುಗಳು.

ಮೂರನೆಯ ಬಗೆಯ ಕಲ್ಲು ಬದುಕಿದವರದು. ಅದು ಜೀರ್ಣೋದ್ಧಾರದ ಶಾಸನ. ಬಿದ್ದುದನ್ನು ಎತ್ತಿದವರು ಯಾರು, ಸುಟ್ಟುದನ್ನು ಮತ್ತೆ ಕಟ್ಟಿದವರು ಯಾರು, ಅದಕ್ಕೆ ಭೂಮಿಯನ್ನು ಬಿಟ್ಟವರು ಯಾರು, ವರ್ಷಕ್ಕೆ ಎಷ್ಟು ಹಣ ಕೂಡಿತು ಎಂಬುದನ್ನು ಅದು ಹೇಳುತ್ತದೆ. ವೀರಗಲ್ಲಿನ ಮುಂದೆ ನಿಂತವರು ತಲೆಬಾಗುತ್ತಾರೆ, ನಿಷಿಧಿಯ ಮುಂದೆ ಕೈಮುಗಿಯುತ್ತಾರೆ. ಈ ಮೂರನೆಯ ಕಲ್ಲನ್ನು ಮಾತ್ರ ಬರಿಯ ಲೆಕ್ಕಪತ್ರವೆಂದು ತಿಳಿದು ಮುಂದೆ ಸಾಗುತ್ತಾರೆ. ವಾಸ್ತವವಾಗಿ ಯುದ್ಧದ ಅನಂತರ ಬೇಕಾಗುವ ಧೈರ್ಯದ ಚರಿತ್ರೆ ಬರೆದಿರುವುದು ಈ ಕಲ್ಲುಗಳ ಮೇಲೆಯೇ.

ಕನ್ನಡನಾಡಿನಲ್ಲಿ ಈ ಚರಿತ್ರೆ ಬಹಳ ಹಿಂದಿನಿಂದಲೇ ಆರಂಭವಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಚೋಳರಿಗೂ ಕಲ್ಯಾಣದ ಚಾಲುಕ್ಯರಿಗೂ ನಡೆದ ದೀರ್ಘ ಯುದ್ಧಗಳಲ್ಲಿ ಬೆಳ್ವೊಲ ನಾಡು ತತ್ತರಿಸಿತು. ಅಣ್ಣಿಗೇರಿಯಲ್ಲಿ ಗಂಗ ಪೆರ್ಮಾಡಿಯ ಹೆಸರಿನ ಜಿನಾಲಯವು ಚೋಳರ ದಾಳಿಯಲ್ಲಿ ಬೆಂಕಿಗೆ ಆಹುತಿಯಾಯಿತೆಂದು ಗವರವಾಡದ ಶಾಸನ ಹೇಳುತ್ತದೆ. ಆ ಶಾಸನ ಹುಟ್ಟಿದ್ದು ದುಃಖವನ್ನು ಹೇಳಿಕೊಳ್ಳುವುದಕ್ಕಲ್ಲ. 1071ರ ಸುಮಾರಿಗೆ ಬೆಳ್ವೊಲವನ್ನು ಆಳುತ್ತಿದ್ದ ಲಕ್ಷ್ಮರಸನು ಆ ಜಿನಾಲಯವನ್ನು ಮತ್ತೆ ಊರ್ಜಿತಗೊಳಿಸಿದನೆಂಬುದನ್ನು ಸಾರುವುದಕ್ಕಾಗಿ ಅದು ಹುಟ್ಟಿತು. ಹಾನಿಯ ಉಲ್ಲೇಖ ಅಲ್ಲಿ ಪೀಠಿಕೆ ಮಾತ್ರ, ಉದ್ಧಾರವೇ ವಿಷಯ. ಶಾಸನದ ಈ ಕ್ರಮವನ್ನು ಗಮನದಲ್ಲಿಡಬೇಕು.

ಹೊಯ್ಸಳರ ಕಾಲಕ್ಕೆ ಬಂದರೆ ಎದುರಾಗುವ ಹೆಸರು ವಿಷ್ಣುವರ್ಧನನ ಮಹಾಪ್ರಧಾನನೂ ದಂಡನಾಯಕನೂ ಆದ ಗಂಗರಾಜನದು. ತಲಕಾಡನ್ನು ಚೋಳರ ಹಿಡಿತದಿಂದ ಬಿಡಿಸಿದವನು ಅವನು. 1118ರಲ್ಲಿ ಕಣ್ಣೆಗಾಲದ ಬಳಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ರಾತ್ರಿಯಲ್ಲಿ ಎರಗಿ ಅದನ್ನು ಓಡಿಸಿದವನೂ ಅವನೇ. ಮೆಚ್ಚಿದ ಅರಸನು ಬೇಕಾದುದನ್ನು ಬೇಡೆಂದನು. ಗಂಗರಾಜನು ಪರಮವೆಂಬ ಗ್ರಾಮವನ್ನು ಬೇಡಿ ಪಡೆದು, ಅದನ್ನು ತನ್ನ ತಾಯಿ ಮತ್ತು ಮಡದಿ ಕಟ್ಟಿಸಿದ ಜಿನಾಲಯಗಳ ಪೂಜೆಗೆಂದು ಬಿಟ್ಟನು. ಗಂಗವಾಡಿಯಲ್ಲಿ ಹಾಳುಬಿದ್ದಿದ್ದ ಬಸದಿಗಳನ್ನೆಲ್ಲ ಅವನು ಜೀರ್ಣೋದ್ಧಾರ ಮಾಡಿ ನಾಡನ್ನು ಕೊಪಣ ತೀರ್ಥದಂತೆ ಬೆಳಗಿಸಿದನೆಂದು ಶಾಸನಗಳು ಕೊಂಡಾಡುತ್ತವೆ. ಯುದ್ಧದಲ್ಲಿ ಗೆದ್ದವನು ಗೆಲುವಿನ ಫಲವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಗಂಗರಾಜನ ಮನೋಧರ್ಮವನ್ನು ತಿಳಿಸುವ ಸಂಗತಿಯೊಂದು ಹಳೆಬೀಡಿನ ಶಾಸನದಲ್ಲಿಯೇ ಇದೆ. ಏಳು ನರಕಗಳು ಯಾವುವೆಂಬುದಕ್ಕೆ ಅವನದೇ ಆದ ಎಣಿಕೆಯಿತ್ತಂತೆ. ಸುಳ್ಳಾಡುವುದು ಮೊದಲನೆಯ ನರಕ. ಕಾಳಗದಲ್ಲಿ ಅಂಜುವುದು ಎರಡನೆಯದು. ಪರಸ್ತ್ರೀಯನ್ನು ಬಯಸುವುದು ಮೂರನೆಯದು. ಶರಣು ಬಂದವರನ್ನು ಬಿಟ್ಟುಕೊಡುವುದು ನಾಲ್ಕನೆಯದು. ಬೇಡಿ ಬಂದವರನ್ನು ತಣಿಸದೆ ಕಳುಹಿಸುವುದು ಐದನೆಯದು. ಹೊಂದಿಕೊಂಡವರನ್ನು ಕೈಬಿಡುವುದು ಆರನೆಯದು. ಒಡೆಯನಿಗೆ ದ್ರೋಹ ಬಗೆಯುವುದು ಏಳನೆಯದು. ಇಲ್ಲಿ ಒಂದು ವಿಚಾರವನ್ನು ಪರಿಭಾವಿಸಿರಿ. ದಂಡನಾಯಕನೊಬ್ಬನ ಎಣಿಕೆಯಲ್ಲಿ ಕಾಳಗದ ಅಂಜಿಕೆಗೆ ಸಂದಿರುವುದು ಒಂದೇ ಸ್ಥಾನ. ಶರಣಾಗತರು, ಯಾಚಕರು, ಆಶ್ರಿತರು ಎಂಬ ನಿರ್ಗತಿಕರಿಗೆ ಮೂರು ಸ್ಥಾನಗಳು ಸಂದಿವೆ. ಕಾಳಗ ಮುಗಿದ ಮರುದಿನ ಬಾಗಿಲಿಗೆ ಬಂದು ನಿಲ್ಲುವವರು ಇವರೇ ಅಲ್ಲವೇ? ಶತ್ರುವಿನ ಎದುರು ನಿಲ್ಲುವುದಕ್ಕೆ ಬೇಕಾದುದು ಒಂದು ಪಾಲು ಧೈರ್ಯವಾದರೆ, ಈ ಜನರ ಎದುರು ನಿಲ್ಲುವುದಕ್ಕೆ ಮೂರು ಪಾಲು ಬೇಕೆಂದು ಆ ವೀರನೇ ಒಪ್ಪಿಕೊಂಡಂತಾಯಿತು.

ಗಂಗರಾಜನ ಅನಂತರ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ ಜಿನಾಲಯವನ್ನು ಕಟ್ಟಿಸಿದನು. ದ್ರೋಹಘರಟ್ಟ ಎಂಬುದು ಗಂಗರಾಜನ ಬಿರುದು. ಆದುದರಿಂದ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂಬ ಹೆಸರಾಯಿತು. ಪ್ರತಿಷ್ಠೆ ನಡೆದದ್ದು 1133ರಲ್ಲಿ. ಪ್ರತಿಷ್ಠೆಯ ಶೇಷಾಕ್ಷತೆ ಗಂಧೋದಕಗಳನ್ನು ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಅದೇ ಸಮಯಕ್ಕೆ ಅರಸನು ಯುದ್ಧವೊಂದರಲ್ಲಿ ಗೆದ್ದಿದ್ದನು. ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಜನಿಸಿತ್ತು. ಅರಸನು ಅರ್ಚಕರನ್ನು ಕಂಡು ಎದ್ದು ನಿಂತು, ಕೈಮುಗಿದು, ಗಂಧೋದಕವನ್ನು ಶಿರದಲ್ಲಿ ಧರಿಸಿ, ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ವಿಜಯವೂ ಪುತ್ರೋತ್ಸವವೂ ಲಭಿಸಿದವೆಂದು ಹರ್ಷಪಟ್ಟು, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟನು. ಬಸದಿಗೆ ಜಾವಗಲ್ಲನ್ನು ದತ್ತಿಯಾಗಿ ಬಿಟ್ಟನು.

ಅರಸನು ವಿಜಯವೆಂದದ್ದು ತನ್ನ ಖಡ್ಗದ ವಿಜಯವನ್ನು. ಆದರೆ ಹೆಸರನ್ನು ಹೊತ್ತವನು ಖಡ್ಗವನ್ನೇ ಹಿಡಿಯದ ಜಿನೇಶ್ವರ. ಆ ವಿಜಯದ ಫಲವಾದ ರಾಜ್ಯ ಎರಡು ಶತಮಾನಗಳಲ್ಲಿ ಅಳಿಯಿತು. ಖಡ್ಗ ಹಿಡಿಯದವನ ಬಿಂಬ ಉಳಿಯಿತು. ವಿಜಯವೆಂಬ ಮಾತಿನ ನಿಜವಾದ ಅರ್ಥವನ್ನು ಕಾಲವೇ ತಿದ್ದಿ ಬರೆದಂತಿದೆ.

ಇನ್ನು ಅರಸೀಕೆರೆಯ ಕಡೆಗೆ ದೃಷ್ಟಿ ಹರಿಸೋಣ. ಅಲ್ಲಿಯ ಸಹಸ್ರಕೂಟ ಜಿನಾಲಯವನ್ನು ಅರಿಯದ ಶ್ರಾವಕರು ವಿರಳ. ಬೆಟ್ಟದಂತೆ ಹಂತಹಂತವಾಗಿ ಏರುವ ರಚನೆಯಲ್ಲಿ ಸಾಲುಸಾಲಾಗಿ ಜಿನಬಿಂಬಗಳನ್ನು ನೆಲೆಗೊಳಿಸಿದ ಆ ಜಿನಾಲಯವನ್ನು 1220ರಲ್ಲಿ ಕಟ್ಟಿಸಿದವನು ರೇಚರಸ. ವಸುಧೈಕಬಾಂಧವ, ಅಂದರೆ ಲೋಕಕ್ಕೆಲ್ಲ ಒಬ್ಬನೇ ನಂಟ ಎಂಬುದು ಅವನ ಬಿರುದು. ಈತನು ಮೊದಲು ಕಲಚುರಿ ಅರಸರ ದಂಡಾಧಿಪತಿಯಾಗಿ, ನಾಗರಖಂಡದ ಚಿಕ್ಕಮಾಗಡಿಯ ಜಿನಾಲಯಕ್ಕೂ ಪೋಷಕನಾಗಿದ್ದವನು. ಕಲಚುರಿಗಳ ರಾಜ್ಯ 1184ರ ಸುಮಾರಿಗೆ ಕುಸಿದುಬಿದ್ದಿತು. ಒಡೆಯನೂ ಇಲ್ಲ, ಅಧಿಕಾರವೂ ಇಲ್ಲ. ರಾಜ್ಯ ಮುಳುಗಿದಾಗ ಅದರ ಮಂತ್ರಿಗಳೂ ದಂಡನಾಯಕರೂ ಏನಾದರೆಂದು ಚರಿತ್ರೆ ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ರೇಚರಸನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಆಶ್ರಯಕ್ಕೆ ಬಂದನು. ಕಲಚುರಿಗಳ ಪತನವಾಗಿ ಮೂರೂವರೆ ದಶಕಗಳು ಸಂದ ಮೇಲೆ, ತನ್ನ ಬಾಳಿನ ಇಳಿಹೊತ್ತಿನಲ್ಲಿ, ತನಗೆ ಹುಟ್ಟೂರಲ್ಲದ ಅರಸಿಯಕೆರೆಯಲ್ಲಿ ಸಹಸ್ರಕೂಟ ಜಿನಬಿಂಬವನ್ನು ಪ್ರತಿಷ್ಠಾಪಿಸಿ, ಅರಸನಿಂದ ಪಡೆದ ಗ್ರಾಮವೊಂದನ್ನು ಅಷ್ಟವಿಧಾರ್ಚನೆಗೂ ಪೂಜಾರಿ ಪರಿಚಾರಕರ ಜೀವನಕ್ಕೂ ಜೀರ್ಣೋದ್ಧಾರಕ್ಕೂ ಎಂದು ತನ್ನ ಗುರುಪರಂಪರೆಯ ಸಾಗರನಂದಿ ಸಿದ್ಧಾಂತದೇವರ ವಶಕ್ಕೆ ಒಪ್ಪಿಸಿದನು.

ಜಿನಾಲಯವನ್ನು ಹೊಸದಾಗಿ ಕಟ್ಟಿಸಿದ ದಿನವೇ ಅದರ ಜೀರ್ಣೋದ್ಧಾರಕ್ಕೂ ವ್ಯವಸ್ಥೆ ಮಾಡಿದುದನ್ನು ಗಮನಿಸಿರಿ. ಕಟ್ಟಿದುದು ಒಂದು ದಿನ ಜೀರ್ಣವಾದೀತೆಂದು ಆತನಿಗೆ ತಿಳಿದಿತ್ತು. ರಾಜ್ಯವೇ ಜೀರ್ಣವಾದುದನ್ನು ಕಣ್ಣಾರೆ ಕಂಡವನಿಗೆ ಅದು ತಿಳಿಯದೇ ಇದ್ದೀತೇ? ಎಲ್ಲವೂ ಸುಖವಾಗಿ ನಡೆಯುತ್ತದೆಂಬ ನಂಬಿಕೆ ಭರವಸೆಯಲ್ಲ. ಅಳಿವು ಬಂದೇ ಬರುತ್ತದೆ, ಅದು ಬಂದಾಗ ಎತ್ತಿ ನಿಲ್ಲಿಸುವವರು ಇರುತ್ತಾರೆ, ಅವರಿಗೆಂದು ಇಂದೇ ಒಂದು ಪಾಲನ್ನು ತೆಗೆದಿಡಬೇಕು ಎಂಬುದು ಭರವಸೆ. ರೇಚರಸನ ಶಾಸನ ಕಲಿಸುವ ಪಾಠ ಇದು.

ಆ ಅಳಿವು ದೋರಸಮುದ್ರಕ್ಕೆ 1311ರಲ್ಲಿ ಬಂದಿತು. ಮುಮ್ಮಡಿ ಬಲ್ಲಾಳನು ಪಾಂಡ್ಯ ಸೋದರರ ಸಿಂಹಾಸನದ ಜಗಳದಲ್ಲಿ ಲಾಭ ಪಡೆಯಬಹುದೆಂದು ಸೈನ್ಯದೊಡನೆ ದಕ್ಷಿಣಕ್ಕೆ ಹೋಗಿದ್ದ ಸಮಯದಲ್ಲಿ ದೆಹಲಿಯ ಸುಲ್ತಾನನ ಸೇನಾನಿ ಮಲಿಕ್ ಕಾಫರನು ರಾಜಧಾನಿಯ ಮುಂದೆ ಬಂದು ನಿಂತನು. ಬಲ್ಲಾಳನು ಆತುರಾತುರವಾಗಿ ಹಿಂದಿರುಗಿ, ಎದುರಿಸುವ ಶಕ್ತಿಯಿಲ್ಲದುದನ್ನು ಅರಿತು ಸಂಧಿ ಮಾಡಿಕೊಂಡನು. ಆನೆ, ಕುದುರೆ, ತಲೆಮಾರುಗಳಿಂದ ಕೂಡಿಟ್ಟಿದ್ದ ಭಂಡಾರ ಎಲ್ಲವೂ ಹೊರಟುಹೋದವು. ಅರಸನ ಮಗನೂ ದೆಹಲಿಗೆ ಹೋಗಬೇಕಾಯಿತು. ನೆರೆಯವರ ಮನೆಯ ಜಗಳದಲ್ಲಿ ಕೈಹಾಕಲು ಹೋದವನು ತನ್ನ ಮನೆಯನ್ನೇ ಕಳೆದುಕೊಂಡನೆಂಬ ವಿಷಾದ ಈ ಕಥೆಯಲ್ಲಿದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾಜಕುಮಾರನು 1313ರಲ್ಲಿ ಮರಳಿ ಬಂದನು. ಆ ಸಂತೋಷಕ್ಕಾಗಿ ದತ್ತಿ ಬಿಟ್ಟುದನ್ನು ಶಾಸನ ಹೇಳುತ್ತದೆ. 1316ರ ಹೊತ್ತಿಗೆ ಬಲ್ಲಾಳನು ರಾಜಧಾನಿಯನ್ನು ಪುನಃ ಕಟ್ಟುತ್ತಿದ್ದನು. ಐದು ವರ್ಷಗಳ ಹಿಂದೆ ಎಲ್ಲವನ್ನೂ ಕಳೆದುಕೊಂಡ ಪಟ್ಟಣದಲ್ಲಿ ಮತ್ತೆ ಉಳಿಯ ಸದ್ದು ಕೇಳಿಸಿತು. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯ ಬಂದು ಆ ಪ್ರಯತ್ನವನ್ನೂ ಮುರಿಯಿತು. ಬಲ್ಲಾಳನು ತಿರುವಣ್ಣಾಮಲೆಯನ್ನು ನೆಲೆಯಾಗಿ ಮಾಡಿಕೊಂಡು ಹೋರಾಡುತ್ತಲೇ ಇದ್ದು, 1342ರಲ್ಲಿ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ವೃದ್ಧಾಪ್ಯದಲ್ಲಿ ಹತನಾದನು. ದೋರಸಮುದ್ರ ಮತ್ತೆ ರಾಜಧಾನಿಯಾಗಲಿಲ್ಲ.

ಇಲ್ಲಿಂದ ಮುಂದಿನದು ಅರಸರಿಲ್ಲದ ಊರಿನ ಕಥೆ. ಬಸದಿಯನ್ನು ಕಟ್ಟಿಸಿದ ವಂಶ ಇಲ್ಲ, ದತ್ತಿ ಬಿಟ್ಟ ಅರಸನಿಲ್ಲ, ಕಾವಲಿಗೆ ದಂಡಿಲ್ಲ. ಉಳಿದವರು ಒಕ್ಕಲಿಗರು, ಸೆಟ್ಟಿಗಳು, ಕುಶಲಕರ್ಮಿಗಳು, ಪುರೋಹಿತರು. ಬೆಳಗಿನ ಅಭಿಷೇಕಕ್ಕೆ ನೀರು ತರುವ ಕೈ, ಸಂಜೆಯ ದೀಪಕ್ಕೆ ಎಣ್ಣೆ ಎರೆಯುವ ಕೈ ನಿಂತರೆ ಬಸದಿಯೂ ನಿಂತಂತೆಯೇ. ದೊಡ್ಡ ಹಾನಿಯ ಅನಂತರ ಇಂಥ ಚಿಕ್ಕ ಕರ್ತವ್ಯವನ್ನು ಮರುದಿನವೂ ಮಾಡುವುದು ಎಷ್ಟು ಕಷ್ಟವೆಂಬುದನ್ನು ಮನೆಯಲ್ಲಿ ಸಾವಿನ ದುಃಖವನ್ನು ಕಂಡ ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಒಲೆ ಹಚ್ಚುವುದಕ್ಕೂ ಧೈರ್ಯ ಬೇಕಾಗುವ ದಿನಗಳುಂಟು.

ಆ ಕಾಲದಲ್ಲಿ ನಾಡು ಹೇಗೆ ಚೇತರಿಸಿಕೊಂಡಿತೆಂಬುದಕ್ಕೆ 1368ರ ಶ್ರವಣಬೆಳಗೊಳದ ಶಾಸನದಷ್ಟು ಉಜ್ಜ್ವಲವಾದ ಸಾಕ್ಷಿ ಇನ್ನೊಂದಿಲ್ಲ. ವಿಜಯನಗರದ ಬುಕ್ಕರಾಯನ ಆಳ್ವಿಕೆಯದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತು. ಯುದ್ಧಗಳಿಂದ ಬಡವಾದ ನಾಡಿನಲ್ಲಿ ನೆರೆಹೊರೆಯವರು ತಮ್ಮತಮ್ಮೊಳಗೆ ಕಾದಾಡತೊಡಗುವುದು ಹೊಸ ವಿಷಯವಲ್ಲ. ಹೊರಗಿನ ಯುದ್ಧ ಮುಗಿದ ಮೇಲೆ ಒಳಗಿನ ಯುದ್ಧ ಆರಂಭವಾಗುತ್ತದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಎಡೆಗಳ ಭವ್ಯಜನರು ತಮಗಾಗುತ್ತಿದ್ದ ಅನ್ಯಾಯವನ್ನು ರಾಯನಲ್ಲಿ ಬಿನ್ನವಿಸಿಕೊಂಡರು. ಬುಕ್ಕರಾಯನು ಉಭಯ ಪಕ್ಷದವರನ್ನೂ ಕರೆಸಿ, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಹೇಳಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನದರ್ಶನಕ್ಕೆ ಪೂರ್ವದಂತೆ ಸಲ್ಲಬೇಕೆಂದೂ, ಜೈನರಿಗೆ ಆದ ಹಾನಿವೃದ್ಧಿಗಳನ್ನು ವೈಷ್ಣವರು ತಮಗೇ ಆದವೆಂದು ತಿಳಿಯಬೇಕೆಂದೂ ಶಾಸನವಾಯಿತು.

ತೀರ್ಪಿನ ಘನತೆ ದೊಡ್ಡದು. ಆದರೆ ಅದರ ಕೊನೆಯಲ್ಲಿರುವ ವ್ಯವಸ್ಥೆ ಇನ್ನೂ ದೊಡ್ಡದು. ರಾಜ್ಯದಲ್ಲಿರುವ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹಣದಿಂದ ಬೆಳಗೊಳದ ದೇವರಿಗೆ 20 ಮಂದಿ ಅಂಗರಕ್ಷಕರನ್ನು ನೇಮಿಸಬೇಕು. ಉಳಿದುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ಅವನ್ನು ಸರಿಪಡಿಸಬೇಕು. ಆ ಹಣವನ್ನು ಕೂಡಿಸಿ ಕಾರ್ಯ ನಡೆಸುವ ಹೊಣೆ ಹೊತ್ತವರು ತಿರುಮಲೆಯ ತಾತಯ್ಯ, ಅಂದರೆ ಒಬ್ಬ ಶ್ರೀವೈಷ್ಣವ. ಯಾರೊಡನೆ ವಿವಾದವಿತ್ತೋ ಅವರ ಕೈಯಲ್ಲಿಯೇ ಬಸದಿಗಳ ರಕ್ಷಣೆಯ ಕೀಲಿಕೈ!

ಈ ವ್ಯವಸ್ಥೆಯಲ್ಲಿ ಮೂರು ಅಂಶಗಳಿವೆ. ಒಂದು, ಪಾಲು ಎಲ್ಲರದು. ಸಿರಿವಂತನಿಗೂ ಬಡವನಿಗೂ ಮನೆಗೆ ಒಂದೇ ಹಣ. ಎರಡು, ಪಾಲು ಚಿಕ್ಕದು, ಆದರೆ ವರ್ಷವರ್ಷವೂ ಸಲ್ಲತಕ್ಕದ್ದು. ಮೂರು, ನೆರೆಯವನು ಅದರ ಹೊಣೆಗಾರ. ಗಂಗರಾಜನ ಕಾಲದಲ್ಲಿ ಒಬ್ಬ ಮಹಾಪುರುಷನು ಮಾಡಿದ ಕಾರ್ಯವನ್ನು ಬುಕ್ಕರಾಯನ ಕಾಲದಲ್ಲಿ ಮನೆಮನೆಯ ಒಂದೊಂದು ಹಣ ಮಾಡಿತು. ಮಹಾಪುರುಷರು ಪ್ರತಿಯೊಂದು ತಲೆಮಾರಿನಲ್ಲಿಯೂ ಹುಟ್ಟುವುದಿಲ್ಲ. ಮನೆಗಳು ಮಾತ್ರ ಪ್ರತಿ ತಲೆಮಾರಿನಲ್ಲಿಯೂ ಇರುತ್ತವೆ.

ಬೇಲೂರಿನ ಕಥೆಯೂ ಇದೇ ಕಾಲಕ್ಕೆ ಸೇರುತ್ತದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಮಹಾದ್ವಾರವನ್ನು ಕಲಬುರ್ಗಿಯ ಕಡೆಯಿಂದ ಬಂದ ಗಂಗ ಸಾಲಾರನೆಂಬವನು ಸುಟ್ಟುಹಾಕಿದನು. ಇಮ್ಮಡಿ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಅಲ್ಲಿ ಏಳು ನೆಲೆಯ ಗೋಪುರವನ್ನು ಎತ್ತಿಸಿದನು. ಅದೇ ಹರಿಹರನ ಇನ್ನೊಬ್ಬ ದಂಡನಾಯಕ, ಜಿನಭಕ್ತನಾದ ಇರುಗಪ್ಪನು, ಅದಕ್ಕೆ ಸುಮಾರು ಒಂದು ದಶಕದ ಹಿಂದೆ, 1386ರ ಹೊತ್ತಿಗೆ, ವಿಜಯನಗರದಲ್ಲಿ ಕುಂಥುನಾಥ ಜಿನಾಲಯವನ್ನು ಕಟ್ಟಿಸಿದ್ದನು. ಬಸದಿಗಳನ್ನು ಸುಟ್ಟವರಲ್ಲಿ ಚೋಳರೂ ಇದ್ದರು. ವಿಷ್ಣುಗೃಹವನ್ನು ಸುಟ್ಟವರಲ್ಲಿ ತುರುಕರೂ ಇದ್ದರು. ಜೈನ ದಂಡನಾಯಕರ ಕತ್ತಿಗೂ ರಕ್ತ ತಗುಲಿತ್ತು. ಸುಡುವುದು ಯಾವುದೊಂದು ಮತದ ಗುಣವೂ ಅಲ್ಲ, ಅದು ಯುದ್ಧದ ಗುಣ. ಈ ವಿವೇಕವಿಲ್ಲದೆ ಹಳೆಯ ಗಾಯಗಳನ್ನು ಎಣಿಸಹೊರಟವರು ಹೊಸ ಗಾಯಗಳಿಗೆ ಕಾರಣರಾಗುತ್ತಾರೆ.

ಹಳೆಬೀಡಿನ ವಿಜಯಪಾರ್ಶ್ವ ಬಸದಿಯಲ್ಲಿ 1638ರಲ್ಲಿ ನಡೆದ ಘಟನೆಯೊಂದು ಈ ವಿವೇಕಕ್ಕೆ ಮಾದರಿ. ವೀರಶೈವನೊಬ್ಬನು ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಹಾಕಿದನು. ಜೈನನೊಬ್ಬನು ಅದನ್ನು ಅಳಿಸಿಹಾಕಿದನು. ಇಂಥ ಕಿಡಿಯಿಂದ ಊರಿಗೆ ಊರೇ ಉರಿಯಬಹುದಿತ್ತು. ಆದರೆ ಬೇಲೂರು ಹಾಸನಗಳ ಕಡೆಯ ಜೈನ ಸೆಟ್ಟಿಗಳು ಬಿನ್ನಹ ಮಾಡಿಕೊಂಡರು. ವೀರಶೈವರ ಮಹಾಮಹತ್ತಿನ ಹಿರಿಯರು ಕುಳಿತು ವಿಚಾರಿಸಿದರು. ಮೊದಲು ಶೈವಕ್ರಮದಂತೆ ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ವಿಜಯಪಾರ್ಶ್ವದೇವರ ಪೂಜೆ ಪುನಸ್ಕಾರಗಳನ್ನು ಹಿಂದಿನಿಂದ ನಡೆದುಬಂದಂತೆ ಸೂರ್ಯಚಂದ್ರರಿರುವವರೆಗೆ ನಡೆಸಿಕೊಳ್ಳಬೇಕೆಂದು ನಿರ್ಣಯವಾಯಿತು. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಶಿವನಿಗೂ ಜಂಗಮರಿಗೂ ದ್ರೋಹಿಯೆಂದು ಆ ವೀರಶೈವ ಹಿರಿಯರೇ ಬರೆಸಿದರು.

ಈ ಒಪ್ಪಂದದಲ್ಲಿ ಜೈನರು ಸ್ವಲ್ಪವನ್ನು ಬಿಟ್ಟುಕೊಟ್ಟರು. ತಮ್ಮ ಬಸದಿಯಲ್ಲಿ ಪರರ ಕ್ರಮಕ್ಕೆ ಮೊದಲ ಮನ್ನಣೆ ಕೊಡುವುದು ಅಭಿಮಾನಕ್ಕೆ ನೋವು ತರತಕ್ಕ ವಿಷಯವೇ. ಅದನ್ನು ಹೇಡಿತನವೆಂದು ಅಂದೂ ಕೆಲವರು ಅಂದಿರಬಹುದು. ಆದರೆ ಅವರ ಮುಂದಿದ್ದ ಪ್ರಶ್ನೆ ಯಾರು ಗೆದ್ದರೆಂಬುದಲ್ಲ; ನಾಳೆಯ ಅಭಿಷೇಕ ನಡೆಯುವುದೇ ಇಲ್ಲವೇ ಎಂಬುದು. ಅಭಿಷೇಕ ನಡೆಯಿತು.

ಹೊರಗಿನ ಲೋಕದಲ್ಲಿಯೂ ಈ ಧರ್ಮಕ್ಕೆ ದೃಷ್ಟಾಂತಗಳಿವೆ. ಎರಡನೆಯ ಮಹಾಯುದ್ಧದಲ್ಲಿ, 1940ರ ನವೆಂಬರಿನ ಒಂದು ರಾತ್ರಿ, ಇಂಗ್ಲೆಂಡಿನ ಕಾವೆಂಟ್ರಿ ನಗರದ ಪುರಾತನ ಪ್ರಾರ್ಥನಾಮಂದಿರವು ಜರ್ಮನಿಯ ಬಾಂಬುಗಳಿಗೆ ಸಿಕ್ಕಿ ಉರಿದುಹೋಯಿತು. ಅಲ್ಲಿಯ ಮುಖ್ಯ ಪಾದ್ರಿಯು ಹಾಳುಗೋಡೆಯ ಮೇಲೆ ಕ್ಷಮೆಯನ್ನು ಬೇಡುವ ಮಾತನ್ನು ಕೆತ್ತಿಸಿದನು. ಹಳೆಯ ಗೋಡೆಗಳನ್ನು ಕೆಡವದೆ ಹಾಗೆಯೇ ಉಳಿಸಿ, ಅದರ ಪಕ್ಕದಲ್ಲಿ ಕಟ್ಟಿದ ಹೊಸ ಮಂದಿರವು 1962ರಲ್ಲಿ ಪ್ರತಿಷ್ಠೆಗೊಂಡಿತು. ಯುದ್ಧದಲ್ಲಿ ಅದೇ ಬಗೆಯಾಗಿ ಬೆಂದಿದ್ದ ಜರ್ಮನಿಯ ಡ್ರೆಸ್ಡೆನ್ ನಗರದೊಡನೆ ಕಾವೆಂಟ್ರಿಯವರು ಸ್ನೇಹವನ್ನು ಬೆಳೆಸಿದರು. ದೇಶ ಬೇರೆ, ಮತ ಬೇರೆ. ಆದರೂ ಶ್ರಾವಕರಿಗೆ ಇದು ಪರಕೀಯವಾಗಿ ತೋರಲಾರದು. ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮಾವಣಿಯನ್ನು ಆಚರಿಸುವ ಸಮಾಜಕ್ಕೆ ಈ ಭಾಷೆ ಹುಟ್ಟಿನಿಂದಲೇ ಪರಿಚಿತ.

ಜೈನಧರ್ಮವು ಅಹಿಂಸೆಯ ಹೆಸರಿನಲ್ಲಿ ಹೇಡಿತನವನ್ನು ಕಲಿಸುತ್ತದೆಂದು ಆಕ್ಷೇಪಿಸುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಕೊಲ್ಲಬೇಕೆಂಬ ಬಯಕೆಯಿಂದ ಮಾಡುವ ಸಂಕಲ್ಪಿ ಹಿಂಸೆ ಗೃಹಸ್ಥನಿಗೂ ಸರ್ವಥಾ ತ್ಯಾಜ್ಯ; ದೇಶವನ್ನೂ ಆಶ್ರಿತರನ್ನೂ ರಕ್ಷಿಸುವಾಗ ಒದಗುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನು. ಗಂಗರಾಜನಂಥವರು ಆ ಮೇರೆಯೊಳಗೆ ಖಡ್ಗವನ್ನು ಹಿಡಿದವರೆಂದು ಹಿರಿಯರು ವಿವರಿಸುತ್ತಾರೆ. ಆದರೆ ಮೇರೆಯನ್ನು ಹಾಕಿದ ಧರ್ಮವು ಹಿಂಸೆಯನ್ನು ಎಂದೂ ಹಿಂಸೆಯಲ್ಲವೆಂದು ಹೇಳಲಿಲ್ಲ. ಆದುದರಿಂದಲೇ ಯುದ್ಧ ಮುಗಿದೊಡನೆ ಖಡ್ಗವನ್ನು ಒರೆಗೆ ಸೇರಿಸಿ, ಅದೇ ಕೈಯಿಂದ ಉದ್ಧಾರ ಕಾರ್ಯವನ್ನು ಕೈಕೊಳ್ಳುವುದು ಅನಿವಾರ್ಯವಾಯಿತು. ಗೆದ್ದ ಗಂಗರಾಜನಿಗೂ, ಆಶ್ರಯ ಅರಸಿ ಬಂದ ರೇಚರಸನಿಗೂ, ಎಲ್ಲವನ್ನೂ ಕಳೆದುಕೊಂಡ ದೋರಸಮುದ್ರದ ಜನರಿಗೂ ಒಂದೇ ದಾರಿ ತೋರಿತು.

ಹಳೆಬೀಡಿನ ಪಾರ್ಶ್ವನಾಥ ಬಸದಿಗೆ ಹೋದವರು ನವರಂಗದ ನುಣುಪಾದ ಕರಿಗಲ್ಲಿನ ಕಂಬಗಳಲ್ಲಿ ತಮ್ಮ ಪ್ರತಿಬಿಂಬವನ್ನು ನೋಡಿ ಬೆರಗಾಗುತ್ತಾರೆ. ಒಳಗೆ ಹೆಡೆಯ ನೆರಳಿನಲ್ಲಿ ಎತ್ತರದ ಸ್ವಾಮಿ ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ಆ ಮೂರ್ತಿಯ ಹಿಂದಿನ ಪುರಾಣವನ್ನು ಮಕ್ಕಳೂ ಬಲ್ಲರು. ಭವಭವಗಳ ವೈರವನ್ನು ಹೊತ್ತ ಕಮಠನ ಜೀವವು ಬಿರುಗಾಳಿ, ಕಲ್ಲುಮಳೆಗಳಿಂದ ಉಪಸರ್ಗವೆಸಗಿತು. ಧರಣೇಂದ್ರ ಪದ್ಮಾವತಿಯರು ಹೆಡೆಯನ್ನೆತ್ತಿ ಆಸರೆಯಾದರು. ಸ್ವಾಮಿಯು ಕಾಡಿದವನನ್ನು ದ್ವೇಷಿಸಲಿಲ್ಲ, ಕಾಯ್ದವರಲ್ಲಿ ಮೋಹಗೊಳ್ಳಲಿಲ್ಲ. ಇಬ್ಬರಲ್ಲಿಯೂ ಸಮನಾದ ದೃಷ್ಟಿ. ಕೇವಲಜ್ಞಾನ ಉದಯಿಸಿದ ಮೇಲೆ ಕಾಡಿದವನೂ ಪಶ್ಚಾತ್ತಾಪದಿಂದ ಶರಣುಬಂದನು. ಎಂಟುನೂರ ತೊಂಬತ್ತು ವರ್ಷಗಳಿಗೆ ಸಮೀಪವಾಗಿ ಆ ಬಿಂಬವು ಅದೇ ನಿಲುವಿನಲ್ಲಿ ನಿಂತು, ವಿಷ್ಣುವರ್ಧನನ ಗೆಲುವನ್ನೂ ಬಲ್ಲಾಳನ ಸೋಲನ್ನೂ ಒಂದೇ ಮುಖಭಾವದಿಂದ ನೋಡಿದೆ. ಯುದ್ಧಾನಂತರದ ಧೈರ್ಯವೆಂದರೆ ಇದೇ: ಗಾಯವನ್ನು ಮರೆಯದೆ, ಗಾಯ ಮಾಡಿದವನನ್ನು ದ್ವೇಷಿಸದೆ, ಮಾಡಬೇಕಾದ ಕೆಲಸದಲ್ಲಿ ಅಚಲವಾಗಿ ನಿಲ್ಲುವುದು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೆಬೀಡು ಮತ್ತು ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಲೋಕದ ಮನ್ನಣೆ ಸಂತೋಷದ ವಿಷಯ. ಆದರೆ ಲೋಕವು ಮೆಚ್ಚಿ ನೋಡುವುದಕ್ಕೆ ಮುಂಚೆ, ನೋಡುವವರೇ ಇಲ್ಲದಿದ್ದ ಶತಮಾನಗಳಲ್ಲಿ, ಈ ನೆಲದ ಗುಡಿಬಸದಿಗಳ ಕಸ ಗುಡಿಸಿ ದೀಪ ಹಚ್ಚಿದ ಅನಾಮಧೇಯರ ಋಣ ದೊಡ್ಡದು. ಅವರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ.

ಸಜ್ಜನರೇ, ಇಂದು ಪ್ರತಿಷ್ಠೆಗೊಳ್ಳುವ ಬಿಂಬದ ಮುಂದೆ ನಿಂತು ಗಂಧೋದಕವನ್ನು ಶಿರದಲ್ಲಿ ಧರಿಸುವಾಗ ಮೂರು ಸಂಕಲ್ಪಗಳನ್ನು ಮಾಡಿರಿ. ಮನೆಗೊಂದು ಹಣವೆಂಬ ಹಳೆಯ ಕಟ್ಟಳೆಯನ್ನು ನೆನೆದು, ಶಕ್ತ್ಯನುಸಾರವಾಗಿ ಚಿಕ್ಕದೊಂದು ಪಾಲನ್ನು ಪ್ರತಿವರ್ಷವೂ ಜೀರ್ಣ ಬಸದಿಯೊಂದಕ್ಕೆ ಮೀಸಲಿಡಿರಿ. ಕಷ್ಟದಲ್ಲಿ ಬಾಗಿಲಿಗೆ ಬಂದವರನ್ನು, ಅವರು ಯಾವ ಕುಲದವರೇ ಆಗಲಿ, ಬರಿಗೈಯಲ್ಲಿ ಕಳುಹಿಸಬೇಡಿರಿ; ಗಂಗರಾಜನ ನಾಲ್ಕನೆಯ, ಐದನೆಯ, ಆರನೆಯ ನರಕಗಳು ನೆನಪಿರಲಿ. ನೆರೆಯವರೊಡನೆ ವಿರಸ ಹುಟ್ಟಿದಾಗ 1638ರ ಹಿರಿಯರಂತೆ ಒಂದೆಡೆ ಕುಳಿತು ಮಾತನಾಡಿರಿ. ಇವು ದೊಡ್ಡ ವೀರಕಾರ್ಯಗಳಲ್ಲ. ಆದರೆ ವೀರರು ಹೋದ ಮೇಲೆ ನಾಡನ್ನು ಉಳಿಸಿದ ಕಾರ್ಯಗಳು ಇವೇ.

ಬಿಂಬ ಪೀಠವನ್ನೇರುವುದು ಒಂದು ದಿನದ ಉತ್ಸವ. ಅದನ್ನು ಪೀಠದ ಮೇಲೆ ಉಳಿಸುವುದು ತಲೆಮಾರುಗಳ ವ್ರತ. ಆ ವ್ರತವನ್ನು ನಡೆಸುವ ಬಲ ಸರ್ವರಿಗೂ ಲಭಿಸಲಿ, ವೈರವು ಶಮಿಸಲಿ, ನಾಡಿಗೆ ಶಾಂತಿಯಾಗಲಿ.

ಮಂಗಳ ಮಹಾಶ್ರೀ.